ಹಿಮದ ಬಿಸಿಲು: ಕೇದಾರ ಯಾತ್ರಿಕರ ಮುಖರಕ್ಷಣೆ

ಬಸವ ಜಯಂತಿಯ ಉತ್ಸವ ಮುಗಿಯುತ್ತಲೇ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಭಾಗದ ಅನೇಕ ಸದ್ಭಕ್ತರ ಮನಸ್ಸು ಉತ್ತರದ ಕಡೆಗೆ ತಿರುಗುತ್ತದೆ. ಮಹಾಶಿವರಾತ್ರಿಯಂದು ಊಖೀಮಠದ ಓಂಕಾರೇಶ್ವರ ದೇವಾಲಯದಲ್ಲಿ ಕೇದಾರನಾಥನ ಬಾಗಿಲು ತೆರೆಯುವ ದಿನವನ್ನು ಘೋಷಿಸಲಾಗುತ್ತದೆ. ಅದು ಸಾಮಾನ್ಯವಾಗಿ ಏಪ್ರಿಲ್ ಕೊನೆ ಇಲ್ಲವೆ ಮೇ ತಿಂಗಳ ಆರಂಭಕ್ಕೆ ಬರುತ್ತದೆ. ಪಂಚಪೀಠಗಳಲ್ಲೊಂದಾದ ಹಿಮವತ್ಕೇದಾರ ಪೀಠವಿರುವುದು ಆ ಊಖೀಮಠದಲ್ಲಿಯೇ. ಕೇದಾರನಾಥದ ರಾವಲರು ಕರ್ನಾಟಕ ಮೂಲದ ವೀರಶೈವ ಪರಂಪರೆಯವರೆಂಬುದು ನಮ್ಮ ಜನರಿಗೆ ಆ ದೂರದ ಹಿಮಗಿರಿಯನ್ನು ತವರಿನಂತೆ ಹತ್ತಿರವಾಗಿಸಿದೆ.

ಯಾತ್ರೆಯ ಸಿದ್ಧತೆಯೂ ಬಲು ಅಚ್ಚುಕಟ್ಟಾಗಿಯೇ ನಡೆಯುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಣ್ಣೆಯ ಅಂಗಿ, ಮಂಕಿ ಕ್ಯಾಪ್, ಕಾಲುಚೀಲ, ಮಳೆಯಂಗಿ, ಬಿ.ಪಿ. ಮಾತ್ರೆ ಎಲ್ಲವೂ ಚೀಲಕ್ಕೆ ಸೇರುತ್ತವೆ. ಬಿಸಿಲಿನಿಂದ ಮುಖವನ್ನು ಕಾಯುವ ಒಂದೇ ಒಂದು ವಸ್ತು ಮಾತ್ರ ಆ ಪಟ್ಟಿಯಲ್ಲಿರುವುದಿಲ್ಲ. ನಾಲ್ವತ್ತೆರಡು ಡಿಗ್ರಿಯ ಸೆಕೆಯನ್ನು ತಾಳಿಕೊಂಡ ನಮಗೆ ಹಿಮಾಲಯದ ಚಳಿಯಲ್ಲಿ ಬಿಸಿಲಿನ ಭಯವೆಲ್ಲಿ ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ಸಹಜವಾದುದು, ಆದರೆ ಸರಿಯಾದುದಲ್ಲ. ಕೇದಾರದಿಂದ ಮರಳಿದವರ ಮೂಗಿನ ತುದಿಯ ಚರ್ಮ ಸುಲಿದಿರುವುದು, ತುಟಿ ಒಡೆದು ಕಪ್ಪಾಗಿರುವುದು, ಕೆನ್ನೆಯ ಮೇಲೆ ತಿಂಗಳುಗಟ್ಟಲೆ ಹೋಗದ ಕಪ್ಪು ಛಾಯೆ ಉಳಿದಿರುವುದು ಇವನ್ನೆಲ್ಲ "ಥಂಡಿಗೆ ಹಾಗಾಯಿತು" ಎಂದು ಹೇಳಿ ಬಿಡುವುದುಂಟು. ಅದರಲ್ಲಿ ಥಂಡಿಯ ಪಾಲು ಸ್ವಲ್ಪ, ಬಿಸಿಲಿನ ಪಾಲು ಬಹಳ.

ಬಿಸಿಲಿನಲ್ಲಿ ಕಾವು ಬೇರೆ, ಚರ್ಮವನ್ನು ಸುಡುವ ಕಿರಣ ಬೇರೆ. ನಮಗೆ ಸೆಕೆಯಾಗಿ ತಿಳಿಯುವುದು ಕಾವು ಮಾತ್ರ. ಚರ್ಮಕ್ಕೆ ಕೇಡು ಮಾಡುವ ನೇರಳಾತೀತ ಕಿರಣಗಳು ಕಣ್ಣಿಗೂ ಕಾಣವು, ಮೈಗೂ ತಿಳಿಯವು. ಮೇ ತಿಂಗಳ ಎರಡನೆಯ ವಾರದಲ್ಲಿ ಸೂರ್ಯನು ಕಲಬುರಗಿ ಸೀಮೆಯ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಆ ದಿನ ಮಧ್ಯಾಹ್ನ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಆಗ ನಮ್ಮಲ್ಲಿಯೂ ಈ ಕಿರಣಗಳು ಅತಿ ತೀವ್ರವಾಗಿರುತ್ತವೆ. ಆದರೆ ಸೆಕೆಯೇ ನಮ್ಮನ್ನು ನೆರಳಿಗೆ ಅಟ್ಟುವುದರಿಂದ ನಾವು ಪಾರಾಗುತ್ತೇವೆ. ರೈತರು ಬೆಳಗಿನ ಜಾವವೇ ಹೊಲಕ್ಕೆ ಹೋಗಿ ಹೊತ್ತೇರುವ ಮುನ್ನ ಮರಳುತ್ತಾರೆ, ರುಮಾಲು ಸುತ್ತುತ್ತಾರೆ. ತಾಯಂದಿರು ಸೆರಗನ್ನು ಹಣೆಯವರೆಗೆ ಎಳೆದುಕೊಳ್ಳುತ್ತಾರೆ. ಕೇದಾರದಲ್ಲಿ ಈ ಎಚ್ಚರಿಕೆಯ ಗಂಟೆ ಬಾರಿಸುವವರಿಲ್ಲ. ಅಲ್ಲಿ ಬಿಸಿಲು ಹಿತವೆನಿಸುತ್ತದೆ. ಚಳಿಗೆ ನಡುಗಿದ ಯಾತ್ರಿಕನು ಬೇಕೆಂದೇ ಮುಖವನ್ನು ಸೂರ್ಯನಿಗೊಡ್ಡಿ ಕೂರುತ್ತಾನೆ.

ಎತ್ತರದ ಲೆಕ್ಕವನ್ನು ನೋಡೋಣ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಕೇದಾರನಾಥ 3,583 ಮೀಟರ್. ಪ್ರತಿ 1000 ಮೀಟರ್ ಏರಿದಂತೆ ನೇರಳಾತೀತ ಕಿರಣಗಳು ಶೇ. 10ರಿಂದ 12ರಷ್ಟು ಹೆಚ್ಚುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಎತ್ತರವೊಂದರಿಂದಲೇ ಅಲ್ಲಿಯ ಬಿಸಿಲಿಗೆ ಹೆಚ್ಚುಕಡಿಮೆ ಮೂರನೆಯ ಒಂದು ಪಾಲಿನಷ್ಟು ಬಲ ಕೂಡಿಕೊಳ್ಳುತ್ತದೆ. ಅದರ ಮೇಲೆ ಹಿಮ. ಹುಲ್ಲು, ಮಣ್ಣು, ನೀರು ತಮ್ಮ ಮೇಲೆ ಬಿದ್ದ ಈ ಕಿರಣಗಳಲ್ಲಿ ಹತ್ತರಲ್ಲೊಂದು ಪಾಲನ್ನೂ ಹಿಂದಕ್ಕೆ ಕಳುಹಿಸುವುದಿಲ್ಲ. ಹೊಸದಾಗಿ ಬಿದ್ದ ಹಿಮವಾದರೋ ಹತ್ತರಲ್ಲಿ ಎಂಟು ಪಾಲಿನವರೆಗೂ ಹಿಂದಿರುಗಿಸಬಲ್ಲದು. ಜೇವರ್ಗಿಯ ಎರೆಭೂಮಿಯಲ್ಲಿ ನಿಂತವನಿಗೆ ಬಿಸಿಲು ಮೇಲಿನಿಂದ ಮಾತ್ರ. ಹಿಮದ ಮೇಲೆ ನಿಂತವನಿಗೆ ಅದು ಕೆಳಗಿನಿಂದಲೂ ಹೌದು. ನಮ್ಮ ಊರಿನಲ್ಲಿ ಎಂದೂ ಬಿಸಿಲು ಕಾಣದ ಗದ್ದದ ಅಡಿ, ಮೂಗಿನ ಹೊಳ್ಳೆಯ ಕೆಳಭಾಗ, ಕಿವಿಯ ಹಾಲೆ, ಹುಬ್ಬಿನ ಕೆಳಗಿನ ಮೆತ್ತನೆಯ ಚರ್ಮ ಅಲ್ಲಿ ಸುಡುತ್ತವೆ. ಕೊಡೆ, ರುಮಾಲು, ಅಂಚಿನ ಟೋಪಿ ಇವು ಮೇಲಿನ ಬಿಸಿಲನ್ನು ತಡೆಯುವ ಸಾಧನಗಳು. ಹಿಮದಲ್ಲಿ ಇವು ಬೇಕು, ಆದರೆ ಸಾಲವು. ಮೋಡವನ್ನು ನಂಬುವಂತೆಯೂ ಇಲ್ಲ. ತೆಳುಮೋಡದ ಮೂಲಕ ಶೇ. 80ರಷ್ಟು ಕಿರಣಗಳು ಇಳಿದುಬರಬಲ್ಲವು.

ಗೌರಿಕುಂಡದಿಂದ ಮೇಲಕ್ಕೆ ಸುಮಾರು 16 ಕಿಲೋಮೀಟರ್ ನಡಿಗೆ. ಬಾಗಿಲು ತೆರೆದ ಮೊದಲ ವಾರಗಳಲ್ಲಿ ಲಿಂಚೋಲಿಯ ಆಚೆಗೆ ಭೈರವ, ಕುಬೇರ ಹಿಮನದಿಗಳ ಬಳಿ ಹಿಮವನ್ನು ಕಡಿದು ದಾರಿ ಮಾಡಿರುತ್ತಾರೆ. ಎರಡೂ ಪಕ್ಕದಲ್ಲಿ ಬಿಳಿಯ ಗೋಡೆ. ಬೆಳಗಿನ ಚಳಿಯಲ್ಲಿ ಮಂಕಿ ಕ್ಯಾಪ್ ಹಾಕಿ ಹೊರಟವರು ಏರು ಹತ್ತಿ ಬೆವರಿದಾಗ ಅದನ್ನು ಕಳಚಿ ಕಂಕುಳಲ್ಲಿಡುತ್ತಾರೆ. ಅದು ಸರಿಸುಮಾರು ಹತ್ತು, ಹನ್ನೊಂದು ಗಂಟೆಯ ಹೊತ್ತು. ಕಿರಣಗಳ ತೀವ್ರತೆ ಏರುವ ಹೊತ್ತೂ ಅದೇ. ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಮುಖ ಬರಿದಾಗಿರಬಾರದು. ದರ್ಶನದ ಸರದಿಯಲ್ಲಿ ಬಯಲಿನಲ್ಲಿ ನಿಲ್ಲುವ ಗಂಟೆಗಳನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು. ಹೆಲಿಕಾಪ್ಟರಿನಲ್ಲಿ ಹೋದವರಿಗೆ ನಡಿಗೆ ತಪ್ಪಿದರೂ ಈ ಸರದಿ ತಪ್ಪುವುದಿಲ್ಲ.

ಹಾಗಾದರೆ ಮುಖಕ್ಕೆ ಕಾಪು ಯಾವುದು? ಮೊದಲು ಬಟ್ಟೆ, ಬಟ್ಟೆ ತಲುಪದ ಕಡೆ ಲೇಪ, ಕಣ್ಣಿಗೆ ಕನ್ನಡಕ. ಈ ಕ್ರಮವನ್ನು ನಾವು ಬೇಕೆಂದೇ ಹೇಳುತ್ತಿದ್ದೇವೆ. ಅಂಗಡಿಯವರು ಲೇಪದಿಂದಲೇ ಆರಂಭಿಸುತ್ತಾರೆ. ಆದರೆ ದಟ್ಟ ನೇಯ್ಗೆಯ ಬಟ್ಟೆ ಬೆವರಿಗೆ ಕರಗದು, ಎರಡು ತಾಸಿಗೊಮ್ಮೆ ಹಚ್ಚಬೇಕಾಗಿಯೂ ಇಲ್ಲ. ಬಟ್ಟೆಯನ್ನು ದೀಪದ ಎದುರು ಹಿಡಿದು ನೋಡಿರಿ. ಬೆಳಕು ಧಾರಾಳವಾಗಿ ತೂರಿಬಂದರೆ ಕಿರಣವೂ ತೂರಿಬರುತ್ತದೆ. ತೆಳುವಾದ ಬಿಳಿಯ ಪಂಜೆಗಿಂತ ಇಳಕಲ್ಲ ಸೀರೆಯ ಸೆರಗಿನಂಥ ದಟ್ಟ, ಗಾಢ ಬಣ್ಣದ ಬಟ್ಟೆ ಮೇಲು. ಮಂಕಿ ಕ್ಯಾಪನ್ನು ಕಂಡು ಮೊಮ್ಮಕ್ಕಳು ನಗಬಹುದು. ಕಿವಿ, ಕೆನ್ನೆ, ಗದ್ದ ಮೂರನ್ನೂ ಒಮ್ಮೆಗೇ ಮುಚ್ಚುವ ಅಂತಹ ಇನ್ನೊಂದು ಉಪಕರಣ ಅಷ್ಟು ಅಗ್ಗವಾಗಿ ಸಿಗುವುದಿಲ್ಲ. ಉಣ್ಣೆಯದರ ಸೆಕೆ ತಾಳಲಾಗದಾಗ ತೆಗೆದುಬಿಡುವ ಬದಲು ಹತ್ತಿಯ ಬಟ್ಟೆಯೊಂದನ್ನು ಕಿವಿಯ ಮೇಲಿನಿಂದ ಗದ್ದದವರೆಗೆ ಸಡಿಲವಾಗಿ ಕಟ್ಟಿಕೊಳ್ಳಬೇಕು. ಎತ್ತರದಲ್ಲಿ ಉಸಿರಾಟವೇ ಕಷ್ಟವಾದುದರಿಂದ ಮೂಗು-ಬಾಯಿಗಳನ್ನು ಬಿಗಿಯಾಗಿ ಬಿಗಿಯಲಾಗದು. ಲೇಪದ ಅಗತ್ಯ ಬೀಳುವುದೇ ಇಲ್ಲಿ.

ಸನ್‌ಸ್ಕ್ರೀನ್ ಎಂದು ಕರೆಯುವ ಈ ಲೇಪವನ್ನು ಕೊಳ್ಳುವಾಗ ಜಾಹೀರಾತಿನ ಮುಖಗಳನ್ನು ನೋಡದೆ ಕೊಳವೆಯ ಮೇಲಿನ ಅಕ್ಷರಗಳನ್ನು ಓದತಕ್ಕದ್ದು. ನೇರಳಾತೀತ ಕಿರಣಗಳಲ್ಲಿ ನೆಲ ಮುಟ್ಟುವಂಥವು ಎರಡು ಬಗೆ: ಬಿ ಕಿರಣಗಳು ಚರ್ಮವನ್ನು ಸುಡುತ್ತವೆ, ಎ ಕಿರಣಗಳು ಆಳಕ್ಕಿಳಿದು ಕಪ್ಪಾಗಿಸುತ್ತವೆ, ಸುಕ್ಕು ತರುತ್ತವೆ. ಎಸ್‌ಪಿಎಫ್ ಎಂಬ ಅಂಕೆ ಮುಖ್ಯವಾಗಿ ಬಿ ಕಿರಣಗಳ ತಡೆಯನ್ನು ಸೂಚಿಸುತ್ತದೆ. 30 ಇದ್ದರೆ ಸುಮಾರು ಶೇ. 97, 50 ಇದ್ದರೆ ಸುಮಾರು ಶೇ. 98 ತಡೆ. ವ್ಯತ್ಯಾಸ ಅಲ್ಪವಾಗಿ ಕಂಡರೂ ಹಿಮದ ಯಾತ್ರೆಗೆ ನಾವು 50ನ್ನೇ ಸೂಚಿಸುತ್ತೇವೆ. ಏಕೆಂದರೆ ನಮ್ಮಲ್ಲಿ ಯಾರೂ ಅದನ್ನು ಹಚ್ಚಬೇಕಾದಷ್ಟು ಹಚ್ಚುವುದಿಲ್ಲ, ಅರ್ಧ ಪ್ರಮಾಣ ಹಚ್ಚಿದವರಿಗೆ ಬರೆದಷ್ಟು ರಕ್ಷಣೆ ದೊರೆಯುವುದಿಲ್ಲ. ಎ ಕಿರಣಗಳ ತಡೆಗೆ ಪಿಎ ಎಂಬ ಅಕ್ಷರಗಳ ಮುಂದಿನ ಕೂಡುವ ಚಿಹ್ನೆಗಳನ್ನು ಎಣಿಸಿರಿ. ಮೂರು ಅಥವಾ ನಾಲ್ಕು ಇರಬೇಕು. ಬ್ರಾಡ್ ಸ್ಪೆಕ್ಟ್ರಮ್ ಎಂದು ಬರೆದಿರಬೇಕು. ಅವಧಿ ಮುಗಿಯುವ ದಿನಾಂಕವನ್ನು ನೋಡಬೇಕು; ಕಳೆದ ಬೇಸಿಗೆಯಲ್ಲಿ ಕಾರಿನೊಳಗೆ ಬಿಸಿಲಿಗೆ ಬೆಂದ ಹಳೆಯ ಕೊಳವೆಯನ್ನು ನಂಬಲಾಗದು.

ಬೇಸಿಗೆಯಲ್ಲಿ ನಮ್ಮ ಊರಿಗೆ ಒಪ್ಪುವ ಜೆಲ್ ಬಗೆಯದು ಹಿಮದ ಒಣಗಾಳಿಗೆ ಒಪ್ಪದು. ಅಲ್ಲಿ ಜಿಡ್ಡಿನಂಶವಿರುವ ಕ್ರೀಮೇ ಸರಿ. ಸೂಕ್ಷ್ಮ ಚರ್ಮದವರು ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಲೇಪವನ್ನು ಆರಿಸಬಹುದು. ನಮ್ಮ ಗೋಧಿ, ಎಣ್ಣೆಗೆಂಪು ಬಣ್ಣದ ಮುಖಗಳ ಮೇಲೆ ಅದು ಬೂದಿ ಬಳಿದಂತೆ ಕಾಣುತ್ತದೆಂಬ ದೂರಿದೆ; ಅದು ನಿಜವೂ ಹೌದು. ಕೇದಾರದ ದಾರಿಯಲ್ಲಿ ಅದನ್ನು ನೋಡಿ ನಗಲು ಯಾರಿಗೂ ಉಸಿರು ಮಿಕ್ಕಿರುವುದಿಲ್ಲ. ಕೆನ್ನೆಯ ಮೇಲೆ ಬಂಗು ಇರುವ ತಾಯಂದಿರು ಮಾತ್ರ ಚರ್ಮದ ಬಣ್ಣಕ್ಕೆ ಹೊಂದುವ, ಐರನ್ ಆಕ್ಸೈಡ್ ಬೆರೆಸಿದ ಬಗೆಯನ್ನು ಕೊಳ್ಳುವುದು ಲೇಸು. ಬಂಗು ಕಣ್ಣಿಗೆ ಕಾಣುವ ಬೆಳಕಿನಿಂದಲೂ ಹೆಚ್ಚುತ್ತದೆ. ಬಿಳಿಯ ಸಾಮಾನ್ಯ ಲೇಪ ಅದನ್ನು ತಡೆಯುವುದಿಲ್ಲ.

ಪ್ರಮಾಣದ ಮಾತಿಗೆ ಬಂದರೆ, ತೋರುಬೆರಳು ಮತ್ತು ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಎಳೆದಷ್ಟು ಲೇಪ ಮುಖ, ಕಿವಿ, ಕೊರಳಿಗೆ ಬೇಕು. ಅದು ಸುಮಾರು 2 ಗ್ರಾಂ. ಹೊರಡುವ ಇಪ್ಪತ್ತು ನಿಮಿಷ ಮೊದಲು ಹಚ್ಚಿ, ಬಳಿಕ ಎರಡು ತಾಸಿಗೊಮ್ಮೆ, ಬೆವರು ಒರೆಸಿಕೊಂಡ ಮೇಲೆ ಇನ್ನೊಮ್ಮೆ ಹಚ್ಚಬೇಕು. ದಿನಕ್ಕೆ ನಾಲ್ಕು ಬಾರಿಯಂತೆ 50 ಗ್ರಾಂ ಕೊಳವೆ ದಂಪತಿಗಳಿಗೆ ಮೂರು ದಿನಕ್ಕೆ ಮಾತ್ರ ಸಾಲುತ್ತದೆ. ಇಡೀ ತಂಡಕ್ಕೆ ಒಂದು ಕೊಳವೆ ಕೊಂಡು ಹಣೆಗೆ ಬೊಟ್ಟಿನಂತೆ ಹಂಚಿಕೊಂಡರೆ ಹಚ್ಚಿದ ಸಮಾಧಾನ ಸಿಕ್ಕೀತು, ರಕ್ಷಣೆ ಸಿಗದು. ಬೆಲೆ ಹೆಚ್ಚಿದ್ದರೆ ಗುಣ ಹೆಚ್ಚೆಂದೂ ತಿಳಿಯಬೇಕಾಗಿಲ್ಲ. ಮೇಲೆ ಹೇಳಿದ ಅಕ್ಷರಗಳು ಇದ್ದರೆ ಸಾಧಾರಣ ಬೆಲೆಯದೂ ಆದೀತು. ದುಬಾರಿಯದನ್ನು ಕೊಂಡು ಜಿಪುಣತನದಿಂದ ಹಚ್ಚುವುದಕ್ಕಿಂತ ಅಗ್ಗದ್ದನ್ನು ಧಾರಾಳವಾಗಿ ಹಚ್ಚುವುದು ಜಾಣತನ.

ಇಷ್ಟಲಿಂಗಧಾರಿಗಳಿಗೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: ಲೇಪವನ್ನು ಪೂಜೆಗೆ ಮೊದಲು ಹಚ್ಚಬೇಕೋ ಆಮೇಲೋ? ಆಮೇಲೆಯೇ ಸರಿ. ಜಿಡ್ಡು ಕೈಯಲ್ಲಿ ಲಿಂಗವನ್ನು ಹಿಡಿಯುವ ಪ್ರಸಂಗ ಬರಬಾರದು. ಬೆಳಗಿನ ಪೂಜೆ ಮುಗಿಸಿ, ವಿಭೂತಿ ಧರಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು ಧರಿಸಿಕೊಂಡ ಅನಂತರ ಹಣೆಯ ವಿಭೂತಿಯನ್ನು ಬಿಟ್ಟು ಉಳಿದ ಮುಖಕ್ಕೆಲ್ಲ ಲೇಪ ಹಚ್ಚಬಹುದು. ಹಣೆಯನ್ನು ಮುಚ್ಚುವ ಕೆಲಸವನ್ನು ಹುಬ್ಬಿನವರೆಗೆ ಎಳೆದ ಟೋಪಿಗೆ ಬಿಡೋಣ. ಕೊರಳಿಗೆ ಹಚ್ಚಿದ್ದು ಶಿವದಾರಕ್ಕೆ ಅಂಟದಂತೆ ಆರಲು ಬಿಟ್ಟು, ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಸಂಜೆಯ ಪೂಜೆಗೆ ಮೊದಲು ಮುಖ ತೊಳೆದರೆ ಲೇಪ ಹೋಗುತ್ತದೆ. ಆ ಹೊತ್ತಿಗೆ ಅದರ ಅಗತ್ಯವೂ ಇರುವುದಿಲ್ಲ. ವಿಭೂತಿಯೇ ಬಿಸಿಲನ್ನು ತಡೆಯದೇ ಎಂದು ಕೆಲವರು ಕೇಳಬಹುದು. ವಿಭೂತಿ ಧಾರಣೆಯ ಅರ್ಥ ಬೇರೆ. ಅದಕ್ಕೆ ಔಷಧಿಯ ಕೆಲಸ ಹೊರಿಸುವುದು ನಮಗೆ ಯೋಗ್ಯವೆನಿಸುವುದಿಲ್ಲ.

ಮನೆಮದ್ದುಗಳ ಕುರಿತು ಒಂದೆರಡು ಮಾತು. ಕುಸುಬೆ ಎಣ್ಣೆ, ಕೊಬ್ಬರಿ ಎಣ್ಣೆ ಒಣಚರ್ಮಕ್ಕೆ ಹಿತ. ಹಿಮದ ಕಿರಣವನ್ನು ತಡೆಯಲು ಅವುಗಳಿಂದಾಗದು. ಅರಿಷಿಣವೂ ಹಾಗೆಯೇ. ನಿಂಬೆರಸವಂತೂ ಬೇಡವೇ ಬೇಡ. ಭೀಮೆಯ ಆಚೆಯ ಇಂಡಿಯ ನಿಂಬೆ ಊಟಕ್ಕೆ ಎಷ್ಟು ಶ್ರೇಷ್ಠವೋ, ಅದರ ರಸ ಹಚ್ಚಿಕೊಂಡ ಚರ್ಮ ಬಿಸಿಲಿಗೆ ಬಿದ್ದರೆ ಅಷ್ಟೇ ಕೆಟ್ಟದಾಗಿ ಬೊಬ್ಬೆ ಏಳಬಹುದು.

ಇದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಅದು ಹಳ್ಳಿಯ ಅಂಗಡಿಯವರೆಗೂ ಬಂದಿದೆ. ಮುಖ ಬೆಳ್ಳಗಾಗುವ ಕ್ರೀಮ್ ಎಂದು ನಮ್ಮ ಹೆಣ್ಣುಮಕ್ಕಳು ಹಚ್ಚಿಕೊಳ್ಳುವ ಕೆಲವು ಕೊಳವೆಗಳಲ್ಲಿ ಸ್ಟೆರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಎಂಬ ಔಷಧಿಗಳಿರುತ್ತವೆ. ಇವು ಚರ್ಮರೋಗಕ್ಕೆ ವೈದ್ಯರು ಅಳೆದು ಕೊಡುವ ಮದ್ದುಗಳೇ ಹೊರತು ನಿತ್ಯದ ಸೌಂದರ್ಯಸಾಧನಗಳಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗಿ, ಕೆಂಪಗಿನ ನರಗಳು ಕಾಣಿಸಿಕೊಂಡು, ಸಾಧಾರಣ ಬಿಸಿಲಿಗೇ ಉರಿಯತೊಡಗುತ್ತದೆ. 2018ರಲ್ಲಿ ಕೇಂದ್ರ ಸರಕಾರವು ಸ್ಟೆರಾಯ್ಡ್ ಇರುವ ಹಲವು ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತು. ಆದರೂ ಕೇಳಿದವರಿಗೆ ಸಿಗುವುದು ನಿಂತಿಲ್ಲ. ಇಂಥದನ್ನು ಹಚ್ಚುತ್ತಿರುವವರು ಅದೇ ಮುಖವನ್ನು ಕೇದಾರದ ಹಿಮಕ್ಕೆ ಒಡ್ಡಿದರೆ ಆಗುವ ಹಾನಿ ಸಣ್ಣದಲ್ಲ. ಯಾತ್ರೆಗೆ ಒಂದೆರಡು ತಿಂಗಳು ಮುಂಚಿತವಾಗಿಯೇ ಚರ್ಮವೈದ್ಯರನ್ನು ಕಾಣಬೇಕು. ಒಮ್ಮೆಗೇ ನಿಲ್ಲಿಸಿದರೆ ಮುಖ ಕೆರಳುವುದುಂಟು. ಆದುದರಿಂದ ಬಿಡುವ ಕ್ರಮವನ್ನೂ ಅವರಿಂದಲೇ ತಿಳಿಯಬೇಕು. ಶಿವನಿತ್ತ ಬಣ್ಣವನ್ನು ಕೀಳೆಂದು ನಂಬಿಸಿ ಹಣ ಮಾಡುವ ವ್ಯಾಪಾರವಿದು. ತಾಯಂದಿರು ಮಗಳ ಕಪಾಟನ್ನು ಒಮ್ಮೆ ನೋಡಲಿ.

ಕೆಲವು ಮಾತ್ರೆಗಳೂ ಚರ್ಮವನ್ನು ಬಿಸಿಲಿಗೆ ನಾಜೂಕಾಗಿಸುತ್ತವೆ. ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್, ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್ ಇವುಗಳಲ್ಲಿ ಮುಖ್ಯವಾದವು. ಹಾಗೆಂದು ಬಿ.ಪಿ. ಮಾತ್ರೆಯನ್ನು ಯಾರೂ ತಾವಾಗಿ ನಿಲ್ಲಿಸಕೂಡದು. ಅದು ಬಿಸಿಲಿಗಿಂತ ದೊಡ್ಡ ಅಪಾಯ. ಹೊರಡುವ ಮುನ್ನ ವೈದ್ಯರಿಗೆ ತೋರಿಸಿ, ಮುಖವನ್ನು ಹೆಚ್ಚು ಜಾಗರೂಕತೆಯಿಂದ ಮುಚ್ಚಿಕೊಂಡರಾಯಿತು. ತೊನ್ನು ಇರುವವರ ಬಿಳಿಯ ಮಚ್ಚೆಗಳಲ್ಲಿ ಬಣ್ಣದ ಕಾಪೇ ಇಲ್ಲವಾದುದರಿಂದ ಆ ಭಾಗಕ್ಕೆ ಲೇಪವನ್ನು ದಪ್ಪನಾಗಿ ಹಚ್ಚಬೇಕು. ಉಳಿದ ನಮ್ಮೆಲ್ಲರ ಕಪ್ಪು ಚರ್ಮಕ್ಕೆ ಸಹಜವಾದ ರಕ್ಷಣೆ ಸ್ವಲ್ಪಮಟ್ಟಿಗೆ ಇದೆ, ನಿಜ. ಆದರೆ ಬಿಳಿಯರಂತೆ ನಮ್ಮ ಮುಖ ಬೇಗ ಕೆಂಪಾಗಿ ಕಾಣುವುದಿಲ್ಲ. ಉರಿ, ಬಿಗಿತ ತಿಳಿಯುವ ಹೊತ್ತಿಗೆ ಸುಟ್ಟು ಮುಗಿದಿರುತ್ತದೆ.

ತುಟಿಗೆ ಬರಿಯ ವ್ಯಾಸಲಿನ್ ಸಾಲದು. ಎಸ್‌ಪಿಎಫ್ 30 ಇರುವ ತುಟಿಲೇಪ ಬೇಕು, ಚಹಾ ಕುಡಿದಾಗಲೆಲ್ಲ ಮತ್ತೆ ಹಚ್ಚಬೇಕು.

ಕಣ್ಣಿನ ವಿಷಯವನ್ನು ಬಿಟ್ಟರೆ ಮುಖರಕ್ಷಣೆ ಅರ್ಧವಾದೀತು. ಹಿಮದಿಂದ ಪುಟಿದ ಕಿರಣ ಕಣ್ಣಿನ ಹೊರಪೊರೆಯನ್ನೇ ಸುಡುತ್ತದೆ. ಇದನ್ನು ಹಿಮಾಂಧತೆ ಎನ್ನುತ್ತಾರೆ. ಬಿಸಿಲಿನಲ್ಲಿದ್ದಾಗ ಏನೂ ತಿಳಿಯದೆ, ಕೆಲವು ಗಂಟೆಗಳ ನಂತರ, ಅನೇಕ ವೇಳೆ ರಾತ್ರಿ, ಕಣ್ಣಿನಲ್ಲಿ ಮರಳು ತುಂಬಿದಂತೆ ನೋವು, ನೀರು, ಬೆಳಕು ಸಹಿಸದ ಸ್ಥಿತಿ ಉಂಟಾಗುತ್ತದೆ. ಮರುದಿನ ಇಳಿಜಾರಿನಲ್ಲಿ ಕುದುರೆಗಳ ನಡುವೆ ಕಣ್ಣು ಬಿಡಲಾಗದೆ ಇಳಿಯುವುದೆಂದರೆ ಪ್ರಾಣಾಪಾಯ. ಜಾತ್ರೆಯಲ್ಲಿ ಕೊಂಡ ಕಪ್ಪು ಕನ್ನಡಕ ಇದಕ್ಕೆ ಮದ್ದಲ್ಲ. ಗಾಜು ಕಪ್ಪಗಿದ್ದು ಕಿರಣ ತಡೆಯದಿದ್ದರೆ, ಕತ್ತಲಿಗೆ ಪಾಪೆ ಅರಳಿ ಇನ್ನೂ ಹೆಚ್ಚು ಕಿರಣ ಒಳಹೋಗುವ ಸಂಭವವಿದೆ. ಯುವಿ 400 ಎಂದು ಬರೆದಿರುವ, ಪಕ್ಕಗಳನ್ನೂ ಮುಚ್ಚುವ ಅಗಲವಾದ ಕನ್ನಡಕವನ್ನು ಕನ್ನಡಕದ ಅಂಗಡಿಯಲ್ಲಿಯೇ ಪರೀಕ್ಷಿಸಿ ಕೊಳ್ಳಬೇಕು. ಇದೊಂದಕ್ಕೆ ಮಾತ್ರ ಹಣದ ಮುಖ ನೋಡಬೇಡಿರಿ. ಕಣ್ಣು ನೊಂದರೆ ಉಜ್ಜದೆ, ಕತ್ತಲ ಕೋಣೆಯಲ್ಲಿ ತಣ್ಣನೆಯ ಒದ್ದೆಬಟ್ಟೆ ಇಟ್ಟು ವಿಶ್ರಮಿಸಬೇಕು. ಒಂದರಿಂದ ಮೂರು ದಿನಗಳಲ್ಲಿ ಸಾಮಾನ್ಯವಾಗಿ ಗುಣವಾಗುತ್ತದೆ. ಆದರೂ ದಾರಿಯಲ್ಲಿರುವ ವೈದ್ಯಕೀಯ ಶಿಬಿರದಲ್ಲಿ ತೋರಿಸುವುದು ಕಡ್ಡಾಯವೆಂದೇ ತಿಳಿಯಿರಿ.

ಮುಖ ಸುಟ್ಟರೆ ತಣ್ಣೀರಿನ ಬಟ್ಟೆ, ಲೋಳೆಸರದ ತಿರುಳು ಅಥವಾ ಕ್ಯಾಲಮೈನ್ ಸಾಕು. ಹಿಮವನ್ನೇ ತಿಕ್ಕುವುದು, ಹಲ್ಲಿನ ಪೇಸ್ಟ್ ಬಳಿಯುವುದು, ಬೊಬ್ಬೆ ಒಡೆಯುವುದು ಕೂಡದು. ಬೊಬ್ಬೆಗಳು ಎದ್ದರೆ, ಜ್ವರ ಬಂದರೆ ವೈದ್ಯರ ಬಳಿಗೆ.

ಭಕ್ತರ ಮಕ್ಕಳಲ್ಲಿ ಬೆಂಗಳೂರು, ಪುಣೆಗಳಲ್ಲಿ ನೌಕರಿ ಮಾಡುವವರು ಚಳಿಗಾಲದಲ್ಲಿ ಔಲಿ, ಗುಲ್‌ಮರ್ಗಗಳಿಗೆ ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟಕ್ಕೆಂದು ಹೋಗುವುದೂ ಈಗ ಅಪರೂಪವಲ್ಲ. ಅವರಿಗೂ ಇದೇ ಮಾತು. ಜೊತೆಗೆ, ವೇಗದ ಗಾಳಿಗೆ ಕನ್ನಡಕ ನಿಲ್ಲದಾದ್ದರಿಂದ ಮುಖಕ್ಕೆ ಅಂಟಿ ಕೂರುವ ಗಾಗಲ್ ಬೇಕು. ಗಾಗಲಿನ ಅಂಚಿನಲ್ಲಿ ಮತ್ತು ಮೂಗಿನ ಮೇಲೆ ಲೇಪ ಒರಸಿಹೋಗುವುದರಿಂದ ಅಲ್ಲಿ ಕಡ್ಡಿಯ ರೂಪದ ಜಿಂಕ್ ಲೇಪವನ್ನು ಮತ್ತೆ ಮತ್ತೆ ಎಳೆದುಕೊಳ್ಳುವುದು ಅನುಕೂಲ. ಜಾರಿ ಬಿದ್ದಾಗಲೆಲ್ಲ ಮುಖ ಒದ್ದೆಯಾಗುವುದರಿಂದ ನೀರಿಗೆ ತೊಳೆದುಹೋಗದ ಬಗೆಯನ್ನೇ ಕೊಳ್ಳಬೇಕು. ಡಿಸೆಂಬರ್, ಜನವರಿಯ ಸೂರ್ಯ ಮೇ ತಿಂಗಳವನಷ್ಟು ತೀಕ್ಷ್ಣನಲ್ಲ. ಫೆಬ್ರುವರಿ ಕಳೆದ ಮೇಲೆ ಹೋಗುವವರು ಹೆಚ್ಚು ಎಚ್ಚರದಿಂದಿರಲಿ.

ಯಾತ್ರೆಯಿಂದ ಮರಳಿ ತಂದ ಅರ್ಧ ಕೊಳವೆಯನ್ನು ತೊಗರಿ ಹೊಲಕ್ಕೆ, ಕಬ್ಬಿನ ಗದ್ದೆಗೆ ಹೋಗುವಾಗಲೂ ಹಚ್ಚಬೇಕೇ? ದುಡಿಯುವ ತಾಯಂದಿರು ದಿನಕ್ಕೆ ನಾಲ್ಕು ಬಾರಿ 2 ಗ್ರಾಂನಂತೆ ವರ್ಷವಿಡೀ ಹಚ್ಚಲು ಎಷ್ಟು ಖರ್ಚಾದೀತೆಂಬುದನ್ನು ಬಲ್ಲ ನಾವು ಅದನ್ನು ಹೇಳಲಾರೆವು. ನಮ್ಮ ನೆಲದ ಬಿಸಿಲು ಮೇಲಿನಿಂದ ಬರುವಂಥದು; ಅಗಲ ಅಂಚಿನ ಟೋಪಿ, ಸೆರಗು, ರುಮಾಲು, ಮಧ್ಯಾಹ್ನದ ನೆರಳು ಇಲ್ಲಿ ಬಹುಪಾಲು ಕಾಯುತ್ತವೆ. ಬಂಗು, ತೊನ್ನು ಅಥವಾ ಬಿಸಿಲಿಗೆ ಕೆರಳುವ ರೋಗವುಳ್ಳವರು ಮಾತ್ರ ಲೇಪಕ್ಕೆ ಹಣ ತೆಗೆದಿಡಲಿ. ಬಸ್ಸಿನಲ್ಲಿ ದೂರ ಪ್ರಯಾಣ ಮಾಡುವವರಿಗೆ ಒಂದು ಸೂಚನೆ: ಕಿಟಕಿಯ ಗಾಜು ಬಿ ಕಿರಣಗಳನ್ನು ತಡೆದರೂ ಎ ಕಿರಣಗಳನ್ನು ಬಹಳಷ್ಟು ಒಳಬಿಡುತ್ತದೆ, ಬಿಸಿಲ ಬದಿಯಲ್ಲಿ ಕುಳಿತವರು ಪರದೆ ಎಳೆದುಕೊಳ್ಳುವುದು ಒಳ್ಳೆಯದು.

ಲೂಪಸ್ ಎಂಬ ರೋಗವಿರುವವರಿಗೆ ಬಿಸಿಲು ಮುಖವನ್ನಷ್ಟೇ ಅಲ್ಲ, ಇಡೀ ರೋಗವನ್ನೇ ಕೆರಳಿಸುತ್ತದೆ. ಅಂಥವರು, ಹಾಗೂ ವೈದ್ಯರು ಎತ್ತರಕ್ಕೆ ಹೋಗಬಾರದೆಂದು ಹೇಳಿದ ಹಿರಿಯರು ನಿರಾಶರಾಗಬೇಕಿಲ್ಲ. ದೀಪಾವಳಿಯ ನಂತರದ ಯಮದ್ವಿತೀಯೆಯಂದು ಕೇದಾರನಾಥನ ಬಾಗಿಲು ಮುಚ್ಚುತ್ತದೆ. ಆಮೇಲೆ ಉತ್ಸವಮೂರ್ತಿ ಪಲ್ಲಕ್ಕಿಯಲ್ಲಿ ಊಖೀಮಠಕ್ಕೆ ಬಂದು ಚಳಿಗಾಲವೆಲ್ಲ ಓಂಕಾರೇಶ್ವರ ದೇವಾಲಯದಲ್ಲಿ ಪೂಜೆಗೊಳ್ಳುತ್ತದೆ. ಊಖೀಮಠದ ಎತ್ತರ ಸುಮಾರು 1,300 ಮೀಟರ್. ವಾಹನ ಊರವರೆಗೂ ಹೋಗುತ್ತದೆ, ಹಿಮದ ದಾರಿಯಲ್ಲಿ ನಡೆಯಬೇಕಾಗಿಲ್ಲ. ಬೆಳಗಿನ ಹೊತ್ತು ಟೋಪಿ, ಸೆರಗು ಹೊದ್ದು ಹೋದವರು ಹೊತ್ತೇರುವ ಮುನ್ನವೇ ದರ್ಶನ ಮುಗಿಸಿ ನೆರಳಿಗೆ ಮರಳಬಹುದು.